ಗುರುವಾರ ಬಂದ ಸೋಮವಾರದ ವಾಸನೆ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಮಳೆಗಾಲದಲ್ಲಿ, ಪೀಣ್ಯದ ಒಂದು ಶೆಡ್ಡಿನಲ್ಲಿ ಗಾಳಿ ತಿನ್ನುವ ರಾಕ್ಷಸನೊಬ್ಬನಿದ್ದ. ಕಬ್ಬಿಣದ ಪೆಟ್ಟಿಗೆಯೇ ಅವನ ಮೈ, ಒಳಗೆ ತುಂಬಿದ ಇದ್ದಿಲೇ ಹೊಟ್ಟೆ. ಪೇಂಟಿಂಗ್ ಬೂತಿನ ಕೆಟ್ಟ ಆವಿಯನ್ನೆಲ್ಲ ನುಂಗಿ, ಒಳ್ಳೆಯ ಗಾಳಿಯನ್ನು ಕೆಲಸದವರಿಗೆ ವಾಪಸ್ ಕೊಡುವುದು ಅವನ ಕೆಲಸ. ಅಲ್ಲಿನ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದ ನಾಗಸಂದ್ರದ ಯಮುನಾಗೆ ಆ ಫಿಲ್ಟರ್ ಹಾಗೇ ಕಾಣುತ್ತಿತ್ತು. ಅಜ್ಜಿ ಅಶ್ವತ್ಥಮ್ಮನ ಕತೆ ಕೇಳುತ್ತಾ ಬೆಳೆದವಳಿಗೆ ಇನ್ನು ಹೇಗೆ ಕಂಡೀತು?

ರಾಕ್ಷಸನ ಆರೋಗ್ಯ ನೋಡಲು ಫಿಲ್ಟರ್ ಕಂಪನಿಯಿಂದ ಬರುತ್ತಿದ್ದವನು ಬಸು, ಧಾರವಾಡದ ಕಡೆಯ ಎಂಜಿನಿಯರ್. ಅವನು ನಗುವಾಗ ಮೊದಲು ಕಣ್ಣು ನಗುತ್ತಿತ್ತು, ತುಟಿ ಆಮೇಲೆ. ಯಮುನಾ ಇದನ್ನು ಗಮನಿಸಿದ್ದಳು. ಅವಳು ಗಮನಿಸಿದ್ದನ್ನು ಅವನೂ ಗಮನಿಸಿದ್ದ. ಸಿಕ್ಕಿಬಿದ್ದಾಗಲೆಲ್ಲ ಅವಳು ಪೆನ್ನು ಹುಡುಕುವವಳಂತೆ ತಲೆ ತಗ್ಗಿಸುತ್ತಿದ್ದಳು. ಅವನು ತನ್ನ ಜೇಬಿನ ಪೆನ್ನನ್ನು ಸದ್ದಿಲ್ಲದೆ ಅವಳ ಮೇಜಿನ ಮೇಲಿಡುತ್ತಿದ್ದ.

ಒಂದು ಗುರುವಾರ ಬೂತಿನಲ್ಲಿ ಪೇಂಟ್ ಹೊಡೆಯುವ ಮಹಾದೇವಿಗೆ ತಲೆ ಸುತ್ತಿತು. ನೈಲ್ ಪಾಲಿಶ್ ಒರೆಸುವ ವಾಸನೆ ಮೂಗಿಗೆ ಅಡರುತ್ತಿದೆ ಎಂದಳು. ಸೂಪರ್‌ವೈಸರ್ ವಿಶ್ವನಾಥ್ ಅವತ್ತು ಅಲ್ಲೇ ಇದ್ದ ಬಸುವನ್ನು ಕೇಳಿದರು. ಅದು ಅಸಿಟೋನಿನ ವಾಸನೆ, ಅಸಿಟೋನ್ ಬಳಸುವುದು ಸೋಮವಾರ ಮಾತ್ರ, ಇವತ್ತು ಬರೀ ಪೇಂಟ್ ತೆಳು ಮಾಡುವ ಥಿನ್ನರ್ ಎಂದ ಬಸು. ಎರಡಕ್ಕೂ ಈ ಇದ್ದಿಲು ಪರೀಕ್ಷೆಯಾಗಿ ಪಾಸಾಗಿದೆ, ಹಾಗಾಗಿ ವಾಸನೆ ಬರಲು ಸಾಧ್ಯವೇ ಇಲ್ಲ ಎಂದು ಅವನು ಎಲ್ಲರೆದುರು ಹೇಳಿ, ಬೈಕ್ ಹತ್ತಿ ಹೋದ. ಅವನು ಗೇಟು ದಾಟುವಷ್ಟರಲ್ಲಿ ವಿಶ್ವನಾಥ್ ಮಹಾದೇವಿಗೆ, ನಾಟಕ ಮಾಡುವವರು ನಾಳೆಯಿಂದ ಬರಬೇಡಿ ಎಂದಿದ್ದರು.

ಮುಂದಿನ ಸಲ ಬಸು ಎರಡು ಕಾಫಿ ಹಿಡಿದು ಲ್ಯಾಬಿಗೆ ಬಂದ. ಯಮುನಾ ಲೋಟದ ಕಡೆ ನೋಡಲೂ ಇಲ್ಲ.

"ಕಾಫಿ ಅಲ್ಲಿಡಿ. ಇಲ್ಲಿ ಬಂದು ಇದನ್ನ ಮೂಸಿ."

ಅವಳು ಗಾಜಿನ ನಳಿಗೆಯಲ್ಲಿ ಅವನದೇ ಇದ್ದಿಲು ತುಂಬಿಟ್ಟಿದ್ದಳು. ಒಂದು ತುದಿಯಿಂದ ಅಸಿಟೋನಿನ ಆವಿ ಊದಿದಳು. ಇನ್ನೊಂದು ತುದಿಯಲ್ಲಿ ವಾಸನೆಯೇ ಇಲ್ಲ. ಅವನ ಕಣ್ಣು ನಗಲು ಹೊರಟಿತು. ಆಮೇಲೆ ಅದೇ ನಳಿಗೆಗೆ ಥಿನ್ನರಿನ ಆವಿ ಬಿಟ್ಟಳು. ಇಬ್ಬರೂ ಬಗ್ಗಿ ಕಾದರು. ಅವನ ಕೂದಲು ಅವಳ ಹಣೆಗೆ ತಾಗುವಷ್ಟು ಹತ್ತಿರವಿತ್ತು. ಇಂಥ ಹೊತ್ತಿನಲ್ಲೂ ಅದು ತಿಳಿಯುತ್ತಿದೆಯಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಹೊರಬಂದದ್ದು ಥಿನ್ನರ್ ಅಲ್ಲ. ಘಾಟು ಅಸಿಟೋನ್.

ಬಸು ನಳಿಗೆಯ ತುದಿಯನ್ನು ಇನ್ನೊಮ್ಮೆ ಮೂಸಿದ. "ಭಾರಿ ಆಸಾಮಿ ಬಂದು, ಮೊದಲ ಕುಂತಾವನ್ನ ಸೀಟಿಂದ ಎಬ್ಬಿಸಿದಂಗ ಆತಲ್ರೀ," ಎಂದ ಕೊನೆಗೆ. "ಸೋಮವಾರದ ಅಸಿಟೋನನ್ನ ಗುರುವಾರದ ಥಿನ್ನರ್ ಹೊರಗ ಹಾಕೇದ. ನಾವು ಒಂದೊಂದ ಆವಿ ಬಿಟ್ಟು ನೋಡಿದ್ವಿ. ಒಂದರ ಹಿಂದ ಒಂದು ಬಿಟ್ಟು ನೋಡಲಿಲ್ಲ."

"ನೋಡ್ದೇನೇ ಸಾಧ್ಯ ಇಲ್ಲ ಅಂದ್ರಿ. ನಿಮ್ಮ ಒಂದು ಮಾತಿಗೆ ಮಹಾದೇವಕ್ಕನ ಕೆಲಸ ಹೋಯ್ತು. ಅಕ್ಕನ ಮೂಗು ಸುಳ್ಳು, ನಿಮ್ಮ ಪೆಟ್ಟಿಗೆ ಸತ್ಯ, ಅಲ್ವಾ?"

ಕೆಲಸ ಹೋದದ್ದು ಅವನಿಗೆ ಗೊತ್ತೇ ಇರಲಿಲ್ಲ. ಮುಖ ಸಣ್ಣದಾಯಿತು. ಇದ್ದಿಲು ಬದಲಾಯಿಸಿ, ಯಾರೆದುರು ಆ ಮಾತು ಆಡಿದೆನೋ ಅವರೆದುರೇ ವಾಪಸ್ ತೆಗೆದುಕೊಂಡು, ಮಹಾದೇವಿಯನ್ನು ಅದೇ ಬೂತಿನಲ್ಲಿ ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟ.

ಕೊಟ್ಟು ಹೋದವನು ಬರಲೇ ಇಲ್ಲ. ತಪ್ಪು ಒಪ್ಪಿಕೊಳ್ಳಬೇಡ ಎನ್ನುತ್ತಿದ್ದಾರೆ ಆಫೀಸಿನಲ್ಲಿ, ಸ್ವಲ್ಪ ಟೈಮ್ ಕೊಡಿ ಎಂದು ಮೆಸೇಜು ಬಂತು. ಅಕ್ಕ ರಾಜಗೋಪಾಲನಗರದಲ್ಲಿ ಮನೆ ಮನೆ ಕಸ ಗುಡಿಸಲು ಹೊರಟಿದ್ದಾರೆ, ಅವರ ಹತ್ತಿರವೇ ಟೈಮ್ ಕೇಳಿ ಎಂದು ಇವಳು ಬರೆದಳು. ಆಮೇಲೆ ಅವನ ಫೋನ್ ಎತ್ತಲಿಲ್ಲ. ಆದರೂ ಗೇಟಿನಲ್ಲಿ ಬೈಕಿನ ಸದ್ದಾದರೆ ಕಿಟಕಿಗೆ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಬಂದದ್ದು ಟೆಂಪೊ. ಹಿಂದೆ ಹೊಸ ಇದ್ದಿಲಿನ ಮೂಟೆಗಳು, ಮುಂದೆ ಬಸು, ಅವನ ಪಕ್ಕ ಸೆರಗು ಬಿಗಿದು ಕೂತ ಮಹಾದೇವಿ. ಶೆಡ್ಡಿನವರೆಲ್ಲ ಸೇರುವ ತನಕ ಅವನು ಕಾದ. "ಮಹಾದೇವಕ್ಕ ಹೇಳಿದ್ದು ಖರೆ. ತಪ್ಪು ನಂದು, ನಮ್ಮ ಕಂಪನೀದು," ಎಂದ. ಆಫೀಸಿನಲ್ಲಿ ನೋಡಿಕೊಳ್ಳೋಣ ಎಂದು ವಿಶ್ವನಾಥ್ ಗೊಣಗಿದರು. ಇಲ್ಲೇ ಹೇಳಿದ್ದು, ಇಲ್ಲೇ ನೋಡಬೇಕು ಎಂದಳು ಯಮುನಾ. ಸುತ್ತ ನಿಂತವರು ಕದಲಲಿಲ್ಲ. ವಿಶ್ವನಾಥ್ ಕೊನೆಗೆ ಮಹಾದೇವಿಯ ಕಡೆ ತಿರುಗಿ, ಇವತ್ತಿಂದಲೇ ಬಾರಮ್ಮ ಎಂದರು.

ಹಳೆಯ ಇದ್ದಿಲನ್ನು ತೋಡಿ, ಎದ್ದ ಆವಿಗೂ ಒಳಗೇ ಸೀಟು ಸಿಗಲೆಂದು ಹೊಸದನ್ನು ಎರಡರಷ್ಟು ದಪ್ಪಕ್ಕೆ ತುಂಬುತ್ತಿದ್ದ ಬಸುವಿನ ಮುಖವೆಲ್ಲ ಕಪ್ಪಾಗಿತ್ತು. ಕಣ್ಣು ಮಾತ್ರ ಹೊಳೆಯುತ್ತಿತ್ತು.

"ಸಿಟ್ಟು ಇನ್ನೂ ಅದ ಏನ್ರೀ?"

"ಇದೆ. ಇಷ್ಟು ದಿನ ಯಾಕೆ ತಗೊಂಡ್ರಿ?"

"ಕೆಲಸಾ ಬಿಡತೇನಿ ಅಂದ ಮ್ಯಾಲೆ ಇದ್ದಿಲು ಕೊಟ್ರು."

ಅವಳು ಮೂಟೆಯ ಇನ್ನೊಂದು ತುದಿ ಹಿಡಿದಳು. "ಬೇರೆ ಯಾರಾದ್ರೂ ಆಗಿದ್ರೆ ಒಂದು ಕಂಪ್ಲೇಂಟ್ ಹಾಕಿ ಮರೆತುಬಿಡ್ತಿದ್ದೆ. ನೀವು ಅಂತಾನೇ ಇಷ್ಟು ಸಿಟ್ಟು ಬಂದಿದ್ದು. ಅಷ್ಟೂ ಗೊತ್ತಾಗಲ್ವಾ ನಿಮಗೆ?"

ಮೂಟೆ ಅವನ ಕಡೆಯಿಂದ ಜಾರಿತು. "ಗೊತ್ತಾತ್ರೀ. ನನಗೂ ನೀವ ಬೇಕು. ಸಿಟ್ಟಿನ ಸಮೇತ."

"ಮೊದ್ಲು ತುಂಬಿ," ಎಂದಳು. ಕಿವಿಯ ತನಕ ಕೆಂಪಾಗಿದ್ದಳು.

ಬ್ಲೋವರ್ ಶುರುವಾಯಿತು. ಮೊದಲು ಅಸಿಟೋನ್, ಅದರ ಬೆನ್ನಿಗೇ ಥಿನ್ನರ್ ಬಿಟ್ಟರು. ಗಾಳಿ ಹೊರಬರುವ ಜಾಗದಲ್ಲಿ ಮಹಾದೇವಿ ಮುಖವಿಟ್ಟು ಆಳವಾಗಿ ಮೂಸಿದಳು, ಇನ್ನೊಮ್ಮೆ ಮೂಸಿದಳು.

"ಏನೂ ಇಲ್ಲ ಕಣಮ್ಮ," ಎಂದು ಯಮುನಾಗೆ ಹೇಳಿ, ವಿಶ್ವನಾಥ್ ಕೈಯಿಂದ ಸ್ಪ್ರೇ ಗನ್ ಇಸಿದುಕೊಂಡು ಬೂತಿನೊಳಗೆ ಹೋದಳು.