ಮೂರನೆಯ ತುಂಡು

ಸತ್ತ ಅಣ್ಣನ ಗಿಟಾರನ್ನು ಸಿಟ್ಟಿನಲ್ಲಿ ಒದ್ದವನು ನಾನೇ. ಹಿಂಬದಿಯ ಹಲಗೆ ಸೀಳಿತು. ಅಮ್ಮ ಕೆಲಸದಿಂದ ಬರುವಷ್ಟರಲ್ಲಿ ಸರಿಮಾಡದಿದ್ದರೆ ಅವಳು ನನ್ನ ಮುಖ ನೋಡುತ್ತಿರಲಿಲ್ಲ.

ಬಿರುಕಿಗೆ ಅಂಟು ತುಂಬಿದೆ. ಅದು ಮತ್ತೆ ಬಾಯಿಬಿಡದಂತೆ ಒಳಗಡೆ ಮೂರು ಮರದ ತುಂಡು ಅಂಟಿಸಲು ತಂತಿಗಳ ಕೆಳಗಿನ ದುಂಡು ತೂತಿನೊಳಗೆ ಕೈಯಿಳಿಸಿದೆ. ಒಳಗೆ ಐಸಿನಂತೆ ತಣ್ಣಗಿತ್ತು. ಎರಡು ಕೂತವು. ಮೂರನೆಯದರ ಜಾಗ ಎಟುಕಲೇ ಇಲ್ಲ; ತುಂಡು ಕೈಜಾರಿ ಒಳಗೆ ಬಿತ್ತು.

"ಹಾಳಾಗ್ಹೋಗ್ಲಿ, ನೀನೇ ಅಂಟಿಸ್ಕೋ ಅಣ್ಣಾ!" ಎಂದು ಕಿರುಚಿದೆ.

ಬಾಗಿಲಲ್ಲಿ ಅಮ್ಮ. "ಅದನ್ನ ಯಾಕೋ ಮುಟ್ಟಿದೆ?" ಗಿಟಾರ್ ಕಸಿದು ತಿರುಗಿಸಿದಳು, ಬಿರುಕು ಸವರಿ ನೆಲಕ್ಕಿಟ್ಟಳು. ಬಿದ್ದ ತುಂಡು ಒಳಗೆ ಕಟಕಟ ಅನ್ನಬೇಕಿತ್ತು. ಅನ್ನಲಿಲ್ಲ.

ಅವಳು ಹೋದ ಮೇಲೆ ತೂತಿನೊಳಗೆ ಪುಟ್ಟ ಕನ್ನಡಿ ಇಳಿಬಿಟ್ಟು ನೋಡಿದೆ. ನನ್ನ ಕೈಗೆ ಎಟುಕದ ಜಾಗದಲ್ಲೇ ಮೂರನೆಯ ತುಂಡು ನೆಟ್ಟಗೆ ಕೂತಿತ್ತು. ಹಸಿ ಅಂಟಿನಲ್ಲಿ ಹೆಬ್ಬೆರಳು ಒತ್ತಿದ ಗುರುತಿತ್ತು.