ಕಣದಲ್ಲಿ ತಡವಾದ ಸದ್ದು

"ಯಾರ್ರೀ ನೀವು? ನಮ್ಮ ಕಣದಾಗ ಯಾಕ ಬಡಿಯಾಕತ್ತೀರಿ?"

ಹಾಲವ್ವನ ದನಿಗೆ ಉಳವಪ್ಪ ಎತ್ತಿದ ಸುತ್ತಿಗೆಯನ್ನು ಹಾಗೇ ಹಿಡಿದು ನಿಂತ. ೧೯೬೬ರ ಬೇಸಿಗೆ. ಹತ್ತಿಮತ್ತೂರಿನ ಹೊಸ ಕೆರೆಗೆ ಏರಿ ಹಾಕುವ ಮೊದಲು ನೆಲದ ಗಟ್ಟಿತನ ಅಳೆಯಲು ಬಂದವನು, ಹಂಸಭಾವಿಯ ಹುಡುಗ.

"ಸಿಟ್ಟಾಗಬ್ಯಾಡ್ರಿ. ಈ ಕಬ್ಬಿಣದ ಹಲಗಿ ಮ್ಯಾಲೆ ಬಡದ್ರ ಸದ್ದಿನ ಅಲೆ ನೆಲದಾಗ ಓಡತೈತಿ. ಆ ಕಡೆ ಹುಗಿದ ಯಂತ್ರ ಅದನ್ನ ಹಿಡೀತೈತಿ. ಮ್ಯಾಲಿನ ಕರಿಮಣ್ಣು ಮೆತ್ತಗ, ಕೆಳಗ ಹ್ವಾದಂಗ ಗರಸು, ಆಮ್ಯಾಲ ಕಲ್ಲು... ನೆಲ ಬಿಗಿಯಾದಂಗ ಸದ್ದೂ ಜೋರ ಓಡತೈತಿ."

"ಅಂದ್ರ ನೆಲದ ನಾಡಿ ನೋಡೋ ವೈದ್ಯರನ್ರಿ!"

ಅವಳು ನಕ್ಕಳು. ಅವನೂ ನಕ್ಕ. ಅಂದಿನಿಂದ ಎಂಟು ದಿನ ಅವನು ಸುತ್ತಲಿನ ಹೊಲಗಳನ್ನು ಅಳೆದ. ಮಜ್ಜಿಗೆಯ ತಂಬಿಗೆ ಹಿಡಿದು ಬರಲು ಹಾಲವ್ವನಿಗೆ ದಿನವೂ ಒಂದು ನೆಪ ಸಿಕ್ಕಿತು. ಹರೆಯಕ್ಕೆ ನೆಪ ಹೇಳಿಕೊಡಬೇಕೇ?

ಒಂಬತ್ತನೆಯ ದಿನ ಕಣದ ನಡುವೆ ಬಡಿದು ಅವನು ಹುಬ್ಬು ಗಂಟಿಕ್ಕಿದ.

"ಇಲ್ಲಿ ಸದ್ದು ಭಾಳ ತಡಾ ಮಾಡಿ ಬರಾಕತ್ತೈತಿ. ಕೆಳಗ ಏನರ ಐತೇನ್ರಿ?"

ಹಾಲವ್ವ ಮಜ್ಜಿಗೆಯ ತಂಬಿಗೆಯನ್ನು ಹಿಂದಕ್ಕೆ ಎಳೆದುಕೊಂಡಳು. ಅಲ್ಲೇ ಇತ್ತು ಹಗೇವು, ನೆಲದೊಳಗಿನ ಕಾಳಿನ ಗುಂಡಿ! ಸರಕಾರಕ್ಕೆ ಕಾಳು ವಸೂಲು ಮಾಡುವ ಲೆವಿಯವರ ಕಣ್ಣು ತಪ್ಪಿಸಿ ಅಪ್ಪ ಪರಮೇಶಪ್ಪ ಅದರಲ್ಲಿ ಜೋಳ ತುಂಬಿ ಮಣ್ಣು ಮುಚ್ಚಿದ್ದ.

'ಕೆರೆಯ ಹೆಸರು ಹೇಳಿಕೊಂಡು ಬಂದ ಲೆವಿಯವನೇ ಇವನು? ಎಂಟು ದಿನ ನನ್ನ ಕೈಯ ಮಜ್ಜಿಗೆ ಕುಡಿದು...!'

"ಏನೂ ಇಲ್ಲ!" ಎಂದು ಮುಖ ತಿರುಗಿಸಿ ನಡೆದಳು.

ಅವನು ಆ ಮಾತನ್ನು ನಂಬಿಬಿಟ್ಟ. ಎರಡು ದಿನದ ಮೇಲೆ ಅಪ್ಪನೇ ಸುದ್ದಿ ತಂದ.

"ನಮ್ಮ ಕಣದ ಕೆಳಗ ನೆಲ ಮೆತ್ತಗೈತಂತ. ಏರಿ ನಿಲ್ಲೂದಿಲ್ಲಂತ. ಕೆರಿ ಬ್ಯಾರೆ ಊರಿನ ಪಾಲಾತು. ಉಳವಪ್ಪನೂ ಯಲವಿಗಿ ಸ್ಟೇಶನ್ನಿಗೆ ಹೊಂಟಾನ."

ಕಣ ಅಗೆಸದೆ ಹೊರಟವನು ಲೆವಿಯವನಲ್ಲ! ತನ್ನ ಒಂದು ಸುಳ್ಳಿನಿಂದ ಊರಿನ ನೀರೂ ಹೋಗುತ್ತಿತ್ತು, ಅವನೂ ಹೋಗುತ್ತಿದ್ದ.

"ಅಪ್ಪಾ, ಹಗೇವಿನ ಸಂಗತಿ ಹೇಳಿಬಿಡೂಣು."

"ಹುಚ್ಚೀ! ಅದು ನಿನ್ನ ಮದುವಿ ಜ್ವಾಳ. ಜಪ್ತಿ ಆದ್ರ?"

"ಊರಿಗೇ ನೀರಿಲ್ಲಂದ್ರ ಆ ಜ್ವಾಳ ತೊಗೊಂಡು ಏನ್ ಮಾಡ್ಲಿ?"

ಅಪ್ಪ ಮೂಲೆಯ ಗುದ್ದಲಿ ಕೈಗೆತ್ತಿಕೊಂಡ. ಅವಳು ಓಡಿದಳು. ಉಳವಪ್ಪ ಆಗಲೇ ಯಂತ್ರವನ್ನು ಚಕ್ಕಡಿಗೆ ಏರಿಸುತ್ತಿದ್ದ.

"ನಾ ಸುಳ್ಳ ಹೇಳೇನ್ರಿ... ಅಲ್ಲೆ ಹಗೇವ ಐತಿ. ನಿಮ್ಮನ್ನ ಲೆವಿಯವರಂತ ತಿಳದಿದ್ದೆ!"

"ಹಂಗಾರ ಯಂತ್ರ ತಪ್ಪಿಲ್ಲ, ನೆಲಾನೂ ಕೆಟ್ಟಿಲ್ಲ!"

ಸಂತೋಷದಲ್ಲಿ ಅವನಿಗೆ ಸಿಟ್ಟು ಮಾಡಲೂ ನೆನಪಾಗಲಿಲ್ಲ. ಕಣಕ್ಕೆ ಬಂದವನೇ ಪರಮೇಶಪ್ಪನೊಂದಿಗೆ ಮಣ್ಣು ಕೆದರಿ, ಹಗೇವಿನ ಬಾಯಿಗಲ್ಲು ಸರಿಸಿ, ಆಳ ಅಳೆಯಲು ಒಳಗೆ ಕಾಲಿಟ್ಟ. ಹಾಲವ್ವ ಅವನ ರಟ್ಟೆ ಹಿಡಿದು ಜಗ್ಗಿದಳು.

"ಇಳೀಬ್ಯಾಡ್ರಿ! ಗಾಳಿ ಆಡದ ಇಳದ್ರ ಉಸರು ಕಟ್ಟತೈತಿ! ನಿಮಗ ಏನರ ಆದ್ರ ನಾ ಹೆಂಗ ಬದುಕ್ಲಿ?"

ಮಾತು ಹೊರಬಿದ್ದಾಗಿತ್ತು. ಅಪ್ಪ ಕೆಮ್ಮಿ ಎತ್ತುಗಳ ಕಡೆ ನಡೆದ.

"'ಹಳೇ ತೆಗ್ಗು, ತುಂಬಿ ದಮ್ಮಸು ಮಾಡಬಹುದು' ಅಂತ ವರದಿಯಾಗ ಬರೀತೇನಿ," ಎಂದ ಉಳವಪ್ಪ ಮೆಲ್ಲಗೆ. "ಆದ್ರ ಕೆಲಸ ಸುರು ಆಗೂದ್ರಾಗ ಜ್ವಾಳ ಖಾಲಿ ಆಗಬೇಕು."

"ಅಷ್ಟ ಜ್ವಾಳ ಹೆಂಗ ಖಾಲಿ ಮಾಡೂದ್ರಿ?"

"ಯಾವ ಮದುವಿಗೆ ಇಟ್ಟದ್ದೋ ಅದನ್ನ ಲಗೂನ ಮಾಡೂಣು. ನಮ್ಮವ್ವನ್ನ ಕರಕೊಂಡು ಬಂದು ನಿಮ್ಮಪ್ಪಾರನ್ನ ಕೇಳ್ಲೇನು?"

ಹಾಲವ್ವ ಇನ್ನೂ ರಟ್ಟೆ ಬಿಟ್ಟಿರಲಿಲ್ಲ.

"ಅಪ್ಪನ್ನ ಕೇಳ್ರಿ... ನನ್ನ ಕೇಳೂದು ಇನ್ನೇನ ಉಳದೈತಿ?"