ಹೊನ್ನಾಚಿ ಕಂಡ ಕಡಲಡಿಯ ಮೆಟ್ಟಿಲು

ಬಹಳ ಹಿಂದೆ, ಭೂಮಿಯ ನೆತ್ತಿಯ ಮೇಲೆ, ಆರು ತಿಂಗಳು ಹೊತ್ತೇ ಮುಳುಗದ ಒಂದು ರಾಜ್ಯವಿತ್ತು. ಅಲ್ಲಿನವರು ದಿನವನ್ನು ನಿದ್ದೆಯಿಂದ ಎಣಿಸುತ್ತಿದ್ದರು. ಮುಂದೆ ಹಿಮಗಡಲು, ಆಚೆ ಇನ್ನೊಂದು ದಡ. ರಾಜ ತುಹಿನರಾಯ ಒಳ್ಳೆಯವನೇ, ಆದರೆ ಪುಕ್ಕಲ.

ಒಮ್ಮೆ ಬಿರುಕಪ್ಪನೆಂಬ ಮಾಂತ್ರಿಕ ಆಸ್ಥಾನಕ್ಕೆ ಬಂದು ಬೆತ್ತ ಕುಟ್ಟಿದ. "ಈ ಎರಡು ದಡ ಒಂದೇ ನೆಲವಾಗಿತ್ತು. ಒಂದೇ ಏಟಿಗೆ ಸೀಳಿದವನು ನಾನು. ಮೂರು ನಿದ್ದೆಯೊಳಗೆ ಊರು ಖಾಲಿ ಮಾಡಿ. ಇಲ್ಲವಾದರೆ ಅರಮನೆಯ ಕೆಳಗೂ ಸೀಳುತ್ತೇನೆ."

ಜನರ ಭಯವೇ ಆ ಬೆತ್ತದ ಬಲ. ಎಲ್ಲರೂ ಹೆದರಿದರು, ಬೆತ್ತ ಮಾಡಿನ ಎತ್ತರಕ್ಕೆ ಬೆಳೆಯಿತು. ರಾಜ ಗಂಟುಮೂಟೆ ಕಟ್ಟಿಸಿದ.

ಹೊನ್ನಾಚಿ ಮಾತ್ರ ಕಟ್ಟಲಿಲ್ಲ. ಹಗ್ಗ ಇಳಿಬಿಟ್ಟು ಕಡಲಿನ ಆಳ ನೋಡುವುದು ಅವಳ ಕಸುಬು. ಅವಳ ಅವಳಿ ಮಕ್ಕಳು ಈಗಷ್ಟೇ ನಡೆಯಲು ಕಲಿತಿದ್ದವು. ಆ ಹಿಮದಲ್ಲಿ ಅವುಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

"ಬುದ್ಧೀ, ಅವನು ಸೀಳಿದ ಜಾಗದ ಆಳ ಒಂದ್ಸಲ ನೋಡ್ಕೊಂಡು ಬರ್ತೀನಿ," ಎಂದಳು ರಾಜನಿಗೆ.

ಹಗ್ಗದ ತುದಿಗೆ ಕಟ್ಟಿದ ಭಾರದ ಗುಂಡಿನ ತಳದಲ್ಲೊಂದು ಕುಳಿ. ಅದಕ್ಕೆ ಕೊಬ್ಬು ಮೆತ್ತಿ ಇಳಿಸಿದರೆ ಕಡಲಡಿಯಲ್ಲಿದ್ದದ್ದು ಅಂಟಿಕೊಂಡು ಬರುತ್ತದೆ. ಹೊನ್ನಾಚಿ ಮೂರು ಮುದ್ದೆ ಕೊಬ್ಬು ಇಟ್ಟುಕೊಂಡು ದೋಣಿ ಹತ್ತಿದಳು.

ದಡದ ಹತ್ತಿರ ಬಿಳಿಕರಡಿ ಅಡ್ಡ ಬಂತು. "ಕೊಬ್ಬು ಕೊಡು, ದಾರಿ ಬಿಡ್ತೀನಿ."

"ಅರ್ಧ ನಿನಗೆ, ಅರ್ಧ ಗುಂಡಿಗೆ," ಎಂದಳು. ನೂರು ಮಾರು ಹಗ್ಗ ಇಳಿದಾಗ ತಳ ಸಿಕ್ಕಿತು. ಎಲೆಯ ಅಚ್ಚಿದ್ದ ಕಲ್ಲಿನ ಚೂರು ಬಂತು.

ಇನ್ನಷ್ಟು ದೂರದಲ್ಲಿ ತಿಮಿಂಗಿಲ ಅಡ್ಡ ಬಂದು ಕೊಬ್ಬು ಕೇಳಿತು. "ಅರ್ಧ ನಿನಗೆ, ಅರ್ಧ ಗುಂಡಿಗೆ." ಐನೂರು ಮಾರಿಗೆ ಉಪ್ಪಿನ ಹರಳು ಬಂತು.

ನಟ್ಟನಡುವೆ ಬೆಂಕಿಹಾವು ತಲೆಯೆತ್ತಿತು. "ಕೊಬ್ಬು ನನ್ನ ಬಾಯಲ್ಲಿ ಉರಿದುಹೋಗ್ತದೆ. ಒಂದು ಹಾಡು ಹೇಳು." ಹೊನ್ನಾಚಿ ಮಕ್ಕಳ ಜೋಗುಳ ಹಾಡಿದಳು. ಹಾವು ಖುಷಿಯಿಂದ ತನ್ನ ಬೆಂಕಿಯುಸಿರು ಬಿಗಿಹಿಡಿದು ಮಲಗಿತು. ಕೊಬ್ಬು ಕರಗಲಿಲ್ಲ. ಸಾವಿರದೈನೂರು ಮಾರಿನಿಂದ ಬಿಸಿಯಾರದ ಕರಿಕಲ್ಲು ಬಂತು.

"ಯುಗಯುಗದಿಂದ ಇಲ್ಲಿ ಹೊಸ ನೆಲ ಉಕ್ಕಿಸ್ತಾ ಇದ್ದೀನಿ. ದಡಗಳು ವರ್ಷಕ್ಕೆ ಒಂದು ಉಗುರಿನಷ್ಟು ದೂರ ಸರೀತವೆ. ನಿಮ್ಮ ಬಿರುಕಪ್ಪನ ಮುಖ ಮಾತ್ರ ಕಂಡಿಲ್ಲ," ಎಂದಿತು ಹಾವು.

ಆಸ್ಥಾನಕ್ಕೆ ಮರಳಿದ ಹೊನ್ನಾಚಿ, "ಬಿರುಕಪ್ಪನೋರೇ, ನೀವು ಸೀಳಿದ ಜಾಗ ಹೇಗಿದೆ?" ಎಂದು ಕೇಳಿದಳು.

"ಬಾವಿಯ ಗೋಡೆಯ ಹಾಗೆ ನೆಟ್ಟಗೆ!"

ಹೊನ್ನಾಚಿ ಮೂರನ್ನೂ ರಾಜನ ಮುಂದಿಟ್ಟಳು. "ನೆಟ್ಟಗಿಲ್ಲ ಬುದ್ಧೀ, ನೂರು, ಐನೂರು, ಸಾವಿರದೈನೂರು ಮಾರು ಅಂತ ಮೆಟ್ಟಿಲಿವೆ. ಈ ಎಲೆ ಅಲ್ಲಿ ಕಾಡು ಇದ್ದ ಕಾಲದ್ದು. ನೆಲ ಹಿಗ್ಗಿ ತಗ್ಗಾಯ್ತು, ಕಡಲು ನುಗ್ಗಿ ಒಣಗ್ತು, ಉಪ್ಪು ಉಳೀತು. ಕೊನೆಗೆ ನಡುವೆ ಹರಿದು ಕರಿಕಲ್ಲು ಉಕ್ಕಿತು. ರೊಟ್ಟಿ ಹಿಟ್ಟನ್ನ ಎಳೆದ ಹಾಗೆ, ಮೊದಲು ತೆಳ್ಳಗಾಗಿ ಆಮೇಲೆ ಹರಿದಿದೆ. ಇದು ಒಂದೇಟಿನ ಕೆಲಸ ಅಲ್ಲ."

ಮೊದಲು ನಕ್ಕವನು ರಾಜ. ಆಮೇಲೆ ಆಸ್ಥಾನವೇ ನಕ್ಕಿತು. ಭಯ ಹೋದಂತೆ ಬೆತ್ತ ಕುಗ್ಗಿ ಊದುಬತ್ತಿಯಷ್ಟಾಗಿ ಪಟಕ್ಕನೆ ಮುರಿಯಿತು. ಗಂಟುಮೂಟೆಗಳು ಬಿಚ್ಚಿಕೊಂಡವು, ಹೊನ್ನಾಚಿಯ ಮಕ್ಕಳು ಅವುಗಳ ನಡುವೆ ಬಿದ್ದೆದ್ದು ಓಡಾಡಿದವು.

ಆಮೇಲೆ ಎರಡೂ ದಡದವರು ಸೇರಿ ಕಡಲಿಗೆ ಅಡ್ಡಲಾಗಿ ಒಂದು ಹಗ್ಗ ಕಟ್ಟಿದರು. ವರ್ಷಕ್ಕೊಮ್ಮೆ ಹಬ್ಬ ಮಾಡಿ ಅದಕ್ಕೆ ಉಗುರಿನಷ್ಟು ಸೇರಿಸುತ್ತಾರೆ. ಹೊಸೆಯುವ ಕೆಲಸ ಬಿರುಕಪ್ಪನದು. ಅವಳಿಗಳು ಬೆರಳಿಟ್ಟು ಅಳೆಯುತ್ತಾರೆ, ಕೂದಲಿನಷ್ಟು ಹೆಚ್ಚಾದರೂ ಬಿಚ್ಚಿಸುತ್ತಾರೆ. ಅವನೂ ಗೊಣಗುತ್ತಲೇ ಮತ್ತೆ ಹೊಸೆದು, ಪಾಯಸಕ್ಕೆ ಎಲ್ಲರಿಗಿಂತ ಮೊದಲು ಕೂರುತ್ತಾನೆ.